ಗಂಟೆ ಬಾರಿಸುವವನು

ತೆಂಕಣ ಗಾಳಿ ಎದ್ದಾಗಿನಿಂದ ಯೆರ್ಕೊನಿಗೆ ಮುಟ್ಟಿದ್ದೆಲ್ಲ ಅಂಟಂಟು ಅನಿಸುತ್ತಿತ್ತು. ಬಾಗಿಲಿನ ಹಿಡಿ, ಕಾಫಿಯ ಬಟ್ಟಲು, ಹೆಂಡತಿ ಇಸ್ತ್ರಿ ಮಾಡಿಟ್ಟ ಅಂಗಿಯ ಕಾಲರು, ಎಲ್ಲದರ ಮೇಲೂ ಉಪ್ಪುನೀರಿನ ತೇವ. ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತ ತನ್ನ ಮುಖವನ್ನೇ ದುರುಗುಟ್ಟಿಕೊಂಡು ನೋಡಿದ. ಐವತ್ತೆಂಟರ ಮುಖ, ಲ್ಯಾಟಿನ್ ಹೇಳಿಕೊಟ್ಟು ಹೇಳಿಕೊಟ್ಟು ಒಂದು ಪಕ್ಕಕ್ಕೆ ವಾಲಿದ ಬಾಯಿ. ನಿನ್ನೆ ಸಂಜೆ ಪ್ರಿನ್ಸಿಪಾಲರ ಕೋಣೆಯಲ್ಲಿ ಇದೇ ಬಾಯಿ 'ನೋಡೋಣ ಫಾದರ್' ಅಂದಿತ್ತು. 'ಆಗಲ್ಲ' ಅನ್ನಬೇಕಾದ ಕಡೆ 'ನೋಡೋಣ'. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮಾಂಸದ ಎಳೆಯಂತೆ ಆ ಮಾತು ಅವನನ್ನು ಕಾಡುತ್ತಿತ್ತು, ನಾಲಗೆ ಹೋಗಿ ಹೋಗಿ ಅದನ್ನೇ ತಡವುತ್ತಿತ್ತು. ಟೈ ಗಂಟು ಮತ್ತೆ ಸೊಟ್ಟಗಾಯಿತು. ಅದನ್ನು ಬಿಚ್ಚಿ ಮಂಚದ ಮೇಲೆ ಎಸೆದ.

"ಟೈ ಏನು ಮಾಡ್ತು ನಿಮಗೆ?" ಎಂದಳು ಹೆಂಡತಿ ಮೆನಾ, ಬಾಗಿಲಲ್ಲಿ ನಿಂತು. "ಈ ಗಾಳಿ ಬೀಸುವಾಗ ಹಿಂದೆಲ್ಲ ಊರ ಹಿರಿಯರೇ ಯಾವ ತೀರ್ಮಾನಾನೂ ತಗೋತಿರಲಿಲ್ಲವಂತೆ. ನೀವು ಇವತ್ತು ಯಾರ ಹತ್ರಾನೂ ಜಗಳಕ್ಕೆ ನಿಲ್ಲಬೇಡಿ."

"ಜಗಳಕ್ಕೆ ಯಾರು ಹೊರಟಿದ್ದು? ಗಂಟೆ ಬಾರಿಸೋಕೆ ಹೋಗ್ತಿದೀನಿ."

"ನನಗೆ ಅದೇ ಭಯ" ಎಂದು ಅವಳು ಟೈ ಎತ್ತಿಕೊಂಡು ತಾನೇ ಕಟ್ಟಿದಳು. ಬೇಕೆಂದೇ ಸ್ವಲ್ಪ ಬಿಗಿಯಾಗಿ ಕಟ್ಟಿದಳೆಂದು ಅವನಿಗೆ ಅನಿಸಿತು.

ಇವತ್ತು ಸಂತ ಕತಾರೀನಾಳ ಹಬ್ಬ, ಪ್ರತಿ ವರ್ಷ ಈ ದಿನ ಕ್ರೈಸ್ತ ಸನ್ಯಾಸಿಗಳ ಮಠದ ಶಾಲೆಯಲ್ಲಿ ವಾದ ನಡೆಯುತ್ತದೆ. ಅವನ ಅಜ್ಜ ಓದುತ್ತಿದ್ದಾಗಲೂ ನಡೆಯುತ್ತಿತ್ತು. ಪ್ರಿನ್ಸಿಪಾಲರು ಒಂದು ವಿಷಯ ಇಡುತ್ತಾರೆ, ವಿದ್ಯಾರ್ಥಿಗಳ ಹೆಸರನ್ನು ಟೋಪಿಯೊಳಗೆ ಹಾಕಿ ಚೀಟಿ ಎತ್ತುತ್ತಾರೆ, ಚೀಟಿ ಬಂದವರು ಎದುರುವಾದಿ. ವರ್ಷದಲ್ಲಿ ಅದೊಂದು ದಿನ ಮಗುವೊಂದು ಪ್ರಿನ್ಸಿಪಾಲರ ಎದುರು ನಿಂತು 'ನೀವು ಹೇಳಿದ್ದು ತಪ್ಪು' ಅನ್ನಬಹುದು, ಅವರು ಕೇಳಿಸಿಕೊಂಡು ಉತ್ತರ ಕೊಡಬೇಕು. ನಿಯಮ ಒಂದೇ. ಉತ್ತರ ಕೊಡುವ ಮುಂಚೆ ಎದುರುವಾದಿಯ ಮಾತನ್ನು ತಾವು ತಿರುಗಿ ಹೇಳಬೇಕು, 'ಹೌದು, ನಾನು ಹೇಳಿದ್ದು ಅದೇ' ಎಂದು ಎದುರುವಾದಿ ಒಪ್ಪಬೇಕು. ಅಲ್ಲಿಯವರೆಗೆ ಉತ್ತರಕ್ಕೆ ಬಾಯಿ ತೆರೆಯುವ ಹಾಗಿಲ್ಲ. ತೆರೆದರೆ ಲ್ಯಾಟಿನ್ ಮೇಷ್ಟರು ಮೇಜಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸುತ್ತಾರೆ. ಯೆರ್ಕೊ ಹದಿನಾರರ ಹುಡುಗನಾಗಿದ್ದಾಗ ತರಗತಿಯ ವಾದದಲ್ಲಿ ಗೆಳೆಯನೊಬ್ಬನ ಮಾತನ್ನು ಎರಡೇ ವಾಕ್ಯದಲ್ಲಿ ಚಿಂದಿ ಮಾಡಿ, ಎಲ್ಲರೂ ನಗುತ್ತಿರುವಾಗ ಬೀಗುತ್ತ ನಿಂತಿದ್ದ. ಆಗಿನ ಲ್ಯಾಟಿನ್ ಮೇಷ್ಟರು, ಮುದುಕ ಸನ್ಯಾಸಿ ಫ್ರಾ ಬೋನೊ, ಗಂಟೆ ಬಾರಿಸಿಬಿಟ್ಟಿದ್ದರು. "ಅವನು ಹೇಳಿದ್ದೇನು, ಅದನ್ನ ಹೇಳು ಮೊದಲು. ಅವನಿಗಿಂತ ಚೆನ್ನಾಗಿ ಹೇಳು. ಆಮೇಲೆ ಬೇಕಾದರೆ ಹೊಡಿ." ಹೇಳಲು ಹೋಗಿ ಅವನು ತಡವರಿಸಿದ್ದ, ಯಾಕೆಂದರೆ ಕೇಳಿಸಿಕೊಂಡೇ ಇರಲಿಲ್ಲ. ಕಿವಿಯವರೆಗೂ ಕೆಂಪಾಗಿದ್ದ. ಆ ಬಿಸಿ ಈಗಲೂ ಕಿವಿಯಲ್ಲಿತ್ತು. ಗ್ರೀಕ್, ಲ್ಯಾಟಿನ್, ತರ್ಕ, ಬೈಬಲ್ಲು, ಎಲ್ಲವೂ ಈ ಒಂದು ಅಭ್ಯಾಸಕ್ಕಾಗಿ ಎಂದು ಅವನು ನಂಬಿದ್ದ. ಸತ್ತು ಸಾವಿರ ವರ್ಷ ದಾಟಿದವನ ಮಾತನ್ನು ಅವನದೇ ಭಾಷೆಯಲ್ಲಿ ಕೇಳಿಸಿಕೊಳ್ಳಲು ಕಲಿತವನು ಪಕ್ಕದ ಮನೆಯವನ ಮಾತನ್ನು ಕೇಳಿಸಿಕೊಳ್ಳದೆ ಇರುತ್ತಾನೆಯೇ?

ಬಸ್‌ ನಿಲ್ದಾಣದ ಗೋಡೆಯ ಮೇಲೆ ಅವನದೇ ಚಿತ್ರವಿತ್ತು. ಹೊಸ ಪ್ರಿನ್ಸಿಪಾಲರು ಫ್ರಾ ಗಾಶ್ಪರ್ ಬಂದ ಮೇಲೆ ಶಾಲೆಗೊಂದು ಪೋಸ್ಟರು ಮಾಡಿಸಿದ್ದರು. ಕರಿಹಲಗೆಯತ್ತ ಬೆರಳು ತೋರಿಸುತ್ತ ಹಲ್ಲು ಕಿರಿದು ನಿಂತ ಯೆರ್ಕೊ, ಕೆಳಗೆ ದಪ್ಪ ಅಕ್ಷರದಲ್ಲಿ 'ಮೌಲ್ಯಗಳ ಭದ್ರ ಬುನಾದಿ'. ಯಾರೋ ಪುಣ್ಯಾತ್ಮ ಅವನ ಮುಂದಿನ ಹಲ್ಲಿಗೆ ಮಸಿ ಬಳಿದಿದ್ದ. ಅವನಿಗೆ ಅದರಿಂದ ಬೇಸರವೇನೂ ಆಗಿರಲಿಲ್ಲ, ಮಸಿ ಬಳಿದವನಿಗಾದರೂ ಒಂದು ಅಭಿಪ್ರಾಯವಿತ್ತು. ಮೈಯೆಲ್ಲ ಉರಿಯುತ್ತಿದ್ದದ್ದು ಆ 'ಮೌಲ್ಯ' ಎಂಬ ಮಾತಿಗೆ. ಫ್ರಾ ಬೋನೊ ತಮ್ಮ ಜೀವಮಾನದಲ್ಲಿ ಆ ಶಬ್ದ ಬಳಸಿದ್ದನ್ನು ಅವನು ಕೇಳಿರಲಿಲ್ಲ. ಅವರು 'ಸುಳ್ಳು ಹೇಳ್ತಿದೀಯ, ಕೂತ್ಕೊ' ಅನ್ನುತ್ತಿದ್ದರು, 'ಇದು ನಿಜ, ಬರ್ಕೊ' ಅನ್ನುತ್ತಿದ್ದರು. ಈಗ ಪಟ್ಟಣದಿಂದ ಕಾರಿನಲ್ಲಿ ಬರುವ ತಂದೆತಾಯಿಗಳು ಹೊಸ ಜಿಮ್ಮಿನ ಕಟ್ಟಡ ನೋಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಪುಸ್ತಕ ನೋಡಿ, 'ಇಲ್ಲಿ ಮಕ್ಕಳಿಗೆ ಒಳ್ಳೆ ಮೌಲ್ಯ ಸಿಗುತ್ತೆ' ಎನ್ನುತ್ತಾರೆ, ಮೀನಿನ ಮಾರುಕಟ್ಟೆಯಲ್ಲಿ ತಾಜಾ ಸಾರ್ಡೀನು ಸಿಗುತ್ತದೆ ಅನ್ನುವ ಹಾಗೆ.

ಆ ಪುಸ್ತಕ. ಗ್ರೀಕಿನ ಹಳೆಯ ಸುವಾರ್ತೆ, ನಾಲ್ಕು ತಲೆಮಾರಿನ ಸನ್ಯಾಸಿಗಳು ಅಂಚಿನಲ್ಲಿ ಗೀಚಿಟ್ಟ ಟಿಪ್ಪಣಿಗಳಿದ್ದದ್ದು. ವಸಂತದಲ್ಲಿ ಅದು ಕಪಾಟಿನಿಂದ ಕಾಣೆಯಾಯಿತು. ಗ್ರಂಥಾಲಯದ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ಫ್ರಾ ಗಾಶ್ಪರ್ ಮತ್ತು ಹಳೆಯ ಪುಸ್ತಕಗಳ ಧೂಳು ಹೊಡೆಯುತ್ತಿದ್ದ ವಿದ್ಯಾರ್ಥಿ ವಿತ್ಸೆ. ಗ್ರೀಕಿನಲ್ಲಿ ಅವನಂಥ ಇನ್ನೊಬ್ಬ ಹುಡುಗ ಯೆರ್ಕೊನ ಕೈಗೆ ಸಿಕ್ಕಿರಲಿಲ್ಲ. ಮೇಷ್ಟರುಗಳ ಸಭೆಗೆ ಅವನನ್ನು ಕರೆಸಿದರು. ಹುಡುಗ ಎದ್ದು ನಿಂತು ಏನೋ ಹೇಳಿದ, ಸ್ವಲ್ಪ ಹೊತ್ತೇ ಹೇಳಿದ, ಕೈ ಅಂಗಿಯ ಗುಂಡಿಯನ್ನು ತಿರುವುತ್ತಿತ್ತು. ಯೆರ್ಕೊ ಆಗ ತನ್ನ ವಾಕ್ಯವನ್ನು ಕಟ್ಟುತ್ತಿದ್ದ, ಪ್ರಿನ್ಸಿಪಾಲರಿಗೆ ಚುಚ್ಚಬಾರದು, ಹುಡುಗನ ಕೈಯನ್ನೂ ಬಿಡಬಾರದು, ಅಂಥ ವಾಕ್ಯ. 'ಇನ್ನೊಂದು ಸಲ ವಿಚಾರಿಸಿದರೆ ಒಳ್ಳೆಯದೇನೋ' ಎಂದಿದ್ದ. 'ಖಂಡಿತ' ಎಂದಿದ್ದರು ಫ್ರಾ ಗಾಶ್ಪರ್. ಮಾರನೇ ವಾರ ವಿತ್ಸೆಗೆ ಬೇರೆ ಶಾಲೆ ನೋಡಿಕೊಳ್ಳಲು ಹೇಳಿದರು. ಅವನು ಯಾವ ಶಾಲೆಯನ್ನೂ ನೋಡಿಕೊಳ್ಳಲಿಲ್ಲ, ಬಂದರಿನಲ್ಲಿ ದೋಣಿಗಳ ತಳ ಕೆರೆಯುವ ಕೆಲಸಕ್ಕೆ ಸೇರಿದ. ಊರು ಅವನಿಗೆ ಹೆಸರಿಟ್ಟಿತು, 'ಸುವಾರ್ತೆ ಕಳ್ಳ'. ಬೇಸಿಗೆ ರಜೆ ಮುಗಿಸಿ ಬಂದರೆ ಪುಸ್ತಕ ಹೊಸ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುತ್ತ ಕೂತಿತ್ತು. ಹುಳ ತಿಂದಿದೆಯೆಂದು ಫ್ರಾ ಗಾಶ್ಪರ್ ತಾವೇ ರಾಜಧಾನಿಯ ಕುಶಲಕರ್ಮಿಯೊಬ್ಬನಿಗೆ ರಿಪೇರಿಗೆ ಕೊಟ್ಟಿದ್ದರಂತೆ, ಜಿಮ್ಮಿನ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತಂತೆ. "ಹುಡುಗ ಈಗ ತನ್ನ ಪಾಡಿಗೆ ದುಡೀತಿದಾನೆ. ಮತ್ತೆ ಕೆದಕಿ ಅವನ ಮನಸ್ಸಿಗೆ ಯಾಕೆ ನೋವು ಕೊಡೋದು?" ಎಂದು ಮೇಷ್ಟರುಗಳಿಗೆ ಹೇಳಿದ್ದರು, ಊರಿಗೆ ಯಾರೂ ನಿಜ ಹೇಳಲಿಲ್ಲ. ಅವತ್ತು ಆ ಪೆಟ್ಟಿಗೆಯ ಮುಂದೆ ವಿತ್ಸೆಯ ತಂಗಿ ಪೆರೀನಾ ಚೀಲ ಹೊತ್ತುಕೊಂಡು ನಿಂತಿದ್ದಳು, ಪಾಠದ ಗಂಟೆ ಹೊಡೆದ ಮೇಲೂ ನಿಂತಿದ್ದಳು. ಯೆರ್ಕೊ ಅವಳ ಹಿಂದಿನಿಂದ ಸದ್ದಿಲ್ಲದೆ ದಾಟಿ ಹೋಗಿದ್ದ.

ಮತ್ತು ಈ ವರ್ಷದ ವಿಷಯ: ಕ್ಷಮೆ ಕೇಳದವನನ್ನೂ ಕ್ಷಮಿಸಬೇಕು. ಇಟ್ಟದ್ದು ಫ್ರಾ ಗಾಶ್ಪರ್. ದುರುದ್ದೇಶವೇನೂ ಇರಲಿಲ್ಲ, ಆ ಮನುಷ್ಯನಿಗೆ ನೆನಪೇ ಇರಲಿಲ್ಲ. ಅದನ್ನು ಯೋಚಿಸಿದಾಗಲೇ ಯೆರ್ಕೊನ ರಕ್ತ ಕುದಿಯುತ್ತಿದ್ದದ್ದು. ದ್ವೇಷವಿದ್ದಿದ್ದರೆ ಸಹಿಸಬಹುದಿತ್ತು. ಚೀಟಿ ಎತ್ತಿದಾಗ ಬಂದದ್ದು ಪೆರೀನಾಳ ಹೆಸರು.

ಶಾಲೆಯ ಪಡಸಾಲೆಯಲ್ಲಿ ಅಡುಗೆಮನೆಯಿಂದ ಸೊಪ್ಪಿನ ರೊಟ್ಟಿ ಬೇಯುವ ವಾಸನೆ ಬರುತ್ತಿತ್ತು, ಅತಿಥಿಗಳಿಗೆ. ಪೆರೀನಾ ಕಿಟಕಿಯ ಹತ್ತಿರ ಒಬ್ಬಳೇ ತುಟಿ ಅಲ್ಲಾಡಿಸುತ್ತ ನಿಂತಿದ್ದಳು. ಅವನನ್ನು ಕಂಡು ನೆಟ್ಟಗಾದಳು.

"ನಿನ್ನ ಎರಡನೇ ವಾದ ಇದೆಯಲ್ಲ ಮಗಾ" ಎಂದ ಯೆರ್ಕೊ. ತನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು. "ಮೊದಲನೆಯದೇ ಸಾಕಷ್ಟು ಗಟ್ಟಿ ಇದೆ. ಎರಡನೇದನ್ನ ಬಿಟ್ಟರೂ ನಡೆಯುತ್ತೆ."

"ಅದರಲ್ಲಿ ತಪ್ಪಿದೆಯಾ ಮೇಷ್ಟ್ರೇ?"

"ತಪ್ಪೇನಿಲ್ಲ."

"ತರ್ಕ ಎಲ್ಲಾದರೂ ಜಾರುತ್ತಾ?"

"ಇಲ್ಲ."

"ಮತ್ತೆ?" ಅವಳು ನಿಜವಾಗಿಯೂ ಉತ್ತರಕ್ಕಾಗಿ ಕಾದಳು. ಅವಳಿಗೆ ಅಣಕ ಬರುತ್ತಿರಲಿಲ್ಲ. ಬಂದಿದ್ದರೆ ಅವನು ಗದರಬಹುದಿತ್ತು. ಆಮೇಲೆ ಅವಳೇ ಕೇಳಿದಳು, "ಪ್ರಿನ್ಸಿಪಾಲ್ ಫಾದರ್ ಹೇಳಿಕಳಿಸಿದ್ರಾ?"

"ನಿನ್ನೆ ಸಂಜೆ ಕರೆಸಿದ್ದರು. ಮೆತ್ತಗೆ ಹೇಳಿಸಿ ಅಂತ ಅಷ್ಟೇ."

"ಸರಿ, ಮೆತ್ತಗೆ ಹೇಳ್ತೀನಿ" ಎಂದಳು ಪೆರೀನಾ. "ಆದರೆ ಹೇಳ್ತೀನಿ."

ಅವನು ತಲೆಯಾಡಿಸಿ ನಡೆದ. ಬೆನ್ನ ಮೇಲೆ ಅವಳ ಕಣ್ಣು ನೆಟ್ಟಿತ್ತು. ಛೀ, ಇದಾ ನಾನು ಇಷ್ಟು ವರ್ಷ ಮಾಡಿದ ಕೆಲಸ? ಮಕ್ಕಳಿಗೆ ಹಲ್ಲು ಬರಿಸಿ, ಆಮೇಲೆ ನಾನೇ ಇಕ್ಕಳ ಹಿಡಿದು ನಿಲ್ಲುವುದು? ಸಭಾಂಗಣದ ಬಾಗಿಲು ತೇವಕ್ಕೆ ಉಬ್ಬಿಕೊಂಡು ತೆರೆಯಲಿಲ್ಲ. ಭುಜ ಕೊಟ್ಟು ನೂಕಿದ. ಬಾಗಿಲು ತಟ್ಟನೆ ಬಿಟ್ಟುಕೊಂಡು, ಮುಂದಿನ ಸಾಲಿನಲ್ಲಿ ಕೂತ ಅತಿಥಿಗಳ ಎದುರು ಅವನು ಮುಗ್ಗರಿಸುತ್ತ ಒಳಗೆ ಬಂದ. ಯಾರೋ ಕಿಸಕ್ಕೆಂದರು. ಮೂರನೇ ಸಾಲಿನ ತುದಿಯಲ್ಲಿ ಪೆರೀನಾಳ ತಾಯಿ ಮಾಂದಾ ಕೂತಿದ್ದಳು. ಅಂಚೆ ಕಚೇರಿಯ ಕೌಂಟರಿನಿಂದ ನೇರ ಬಂದಿರಬೇಕು, ಕೋಟು ಬಿಚ್ಚಿರಲಿಲ್ಲ. ಅವಳ ಪಕ್ಕದ ಕುರ್ಚಿ ಖಾಲಿ ಇತ್ತು, ಸಭಾಂಗಣದಲ್ಲಿ ಜಾಗ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರೂ ಖಾಲಿ ಇತ್ತು.

ಪ್ರಾರ್ಥನೆ ಆಯಿತು. ಫ್ರಾ ಗಾಶ್ಪರ್ ತಮ್ಮ ವಿಷಯವನ್ನು ಚೆನ್ನಾಗಿಯೇ ಮಂಡಿಸಿದರು, ಕಂದು ನಿಲುವಂಗಿಯ ತೋಳು ಬೀಸಿ, ನಡುನಡುವೆ ಒಂದೆರಡು ನಗೆಮಾತು ಸೇರಿಸಿ. ಒಳ್ಳೆಯ ದನಿ ಅವರದು. ಯೆರ್ಕೊ ಮೇಜಿನ ಹಿಂದೆ ಕೂತು ಗಂಟೆಯ ಹಿತ್ತಾಳೆಯಲ್ಲಿ ತನ್ನ ಸೊಟ್ಟ ಮುಖ ನೋಡುತ್ತಿದ್ದ. ಪೆರೀನಾ ಎದ್ದು ಬಂದಳು. ಕೈಯಲ್ಲಿ ಕಾಗದವಿರಲಿಲ್ಲ.

"ಫಾದರ್, ನನ್ನ ಮೊದಲ ಮಾತು. ಕ್ಷಮಿಸೋ ಹಕ್ಕು ಯಾರಿಗೆ ಅನ್ಯಾಯ ಆಗಿದೆಯೋ ಅವರದು. ಅವರ ಪರವಾಗಿ ಅವರ ಅಮ್ಮ ಕ್ಷಮಿಸೋಕೆ ಆಗಲ್ಲ, ತಂಗಿ ಕ್ಷಮಿಸೋಕೆ ಆಗಲ್ಲ, ಊರೂ ಕ್ಷಮಿಸೋಕೆ ಆಗಲ್ಲ." ಹೇಳಿದ ಹಾಗೆಯೇ ಮೆತ್ತಗೆ ಮಾತಾಡುತ್ತಿದ್ದಳು, ಹಿಂದಿನ ಸಾಲಿನವರು ಕತ್ತು ಮುಂದೆ ಚಾಚಿದರು. "ಎರಡನೇದು. ಶಿಲುಬೆ ಮೇಲೆ ನಮ್ಮ ಕರ್ತರು 'ಕ್ಷಮಿಸು' ಅಂತ ಬೇಡಿದ್ದು, ತಾವು ಏನು ಮಾಡ್ತಿದೀವಿ ಅಂತ ಗೊತ್ತಿಲ್ಲದವರಿಗಾಗಿ. ಗೊತ್ತಿರೋರು ಆ ಮಾತನ್ನ ತಮ್ಮದು ಮಾಡ್ಕೊಳ್ಳೋ ಹಾಗಿಲ್ಲ. ಗೊತ್ತಿದ್ದೂ ಸುಮ್ಮನಿರೋನು, ನೊಂದವನಿಗೆ ಕ್ಷಮಿಸೋ ಪಾಠ ಹೇಳಿದರೆ, ಅವನು ಕೇಳ್ತಿರೋದು ಕ್ಷಮೆ ಅಲ್ಲ. ನೀನೂ ನನ್ನ ಹಾಗೇ ಬಾಯಿ ಮುಚ್ಚಿಕೊಂಡಿರು ಅಂತ ಕೇಳ್ತಿದಾನೆ."

ಕಿಟಕಿಯ ಗಾಜು ಗಾಳಿಗೆ ಅದುರಿತು. ಫ್ರಾ ಗಾಶ್ಪರ್ ಮುಗುಳ್ನಕ್ಕರು, ತಲೆಯನ್ನು ಸ್ವಲ್ಪ ಓರೆ ಮಾಡಿದರು. "ಮಗೂ, ನಿನ್ನ ಮಾತಿನ ಹಿಂದೆ ಎಷ್ಟು ನೋವಿದೆ ಅಂತ ನಮಗೆಲ್ಲ ಅರ್ಥ ಆಗುತ್ತೆ. ನೋವಿರೋ ಮನಸ್ಸು—"

ನೋವು. ಯೆರ್ಕೊನ ಕಿವಿ ಬಿಸಿಯಾಯಿತು. ಅವಳು ತರ್ಕ ಕೊಟ್ಟರೆ ಇವರು ಅವಳ ತಲೆ ಸವರುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಆಗಲೇ ಕರವಸ್ತ್ರ ತೆಗೆದಿದ್ದಳು. ಇನ್ನೆರಡು ನಿಮಿಷದಲ್ಲಿ ಚಪ್ಪಾಳೆ ಬೀಳುತ್ತದೆ, ಸೊಪ್ಪಿನ ರೊಟ್ಟಿ ಬರುತ್ತದೆ, ಎಲ್ಲರೂ ಪೆರೀನಾಳ ಬೆನ್ನು ತಟ್ಟಿ 'ಧೈರ್ಯವಂತೆ' ಅನ್ನುತ್ತಾರೆ, ವಿತ್ಸೆ ಸಾಯುವವರೆಗೂ ಸುವಾರ್ತೆ ಕಳ್ಳನಾಗಿಯೇ ಉಳಿಯುತ್ತಾನೆ. ಗಂಟೆ ಕೈಯಳತೆಯಲ್ಲಿತ್ತು. ಬಾರಿಸಿದರೆ ನಾಳೆಯಿಂದ ಈ ಶಾಲೆಯಲ್ಲಿ ತಾನು ಯಾರು? ಪೋಸ್ಟರಿನ ಹಲ್ಲುಗಳಿಗೆ ಮಸಿ ಬಳಿಯಲು ಫ್ರಾ ಗಾಶ್ಪರೇ ಸಾಕು. ಕೈ ತನ್ನದಲ್ಲವೆಂಬಂತೆ ಹೋಯಿತು, ಗಂಟೆ ಎತ್ತಿತು, ಬಾರಿಸಿತು. ಸಣ್ಣ ಗಂಟೆ ಅಷ್ಟು ಸದ್ದು ಮಾಡೀತೆಂದು ಅವನು ಅಂದುಕೊಂಡಿರಲಿಲ್ಲ.

"ತಿರುಗಿ ಹೇಳಬೇಕು ಫಾದರ್" ಎಂದ. "ಉತ್ತರ ಆಮೇಲೆ."

"ಓ, ಹೌದಲ್ಲ. ನಮ್ಮ ಮೇಷ್ಟ್ರು ಬಲು ಕಟ್ಟುನಿಟ್ಟು" ಎಂದು ಫ್ರಾ ಗಾಶ್ಪರ್ ಅತಿಥಿಗಳ ಕಡೆ ನೋಡಿ ನಕ್ಕರು. "ಎದುರುವಾದಿ ಹೇಳ್ತಿರೋದು, ಕ್ಷಮಿಸೋದು ಬಹಳ ಕಷ್ಟ ಅಂತ."

"ಅಲ್ಲ ಫಾದರ್" ಎಂದಳು ಪೆರೀನಾ. "ಕಷ್ಟ ಅಂತ ನಾನು ಹೇಳಲೇ ಇಲ್ಲ."

"ಕ್ಷಮೆ ಕೇಳದೋರನ್ನ ಕ್ಷಮಿಸಬೇಕಾಗಿಲ್ಲ ಅಂತ."

"ಅದೂ ಅಲ್ಲ."

ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಫ್ರಾ ಗಾಶ್ಪರರ ಕತ್ತಿನ ನರ ಉಬ್ಬಿತು, ನಗೆ ಮಾತ್ರ ಇದ್ದಲ್ಲೇ ಇತ್ತು. "ಗಂಟೆ ಬಾರಿಸಿದೋರಿಗೆ ಅಷ್ಟು ಚೆನ್ನಾಗಿ ಕೇಳಿಸಿದ್ದರೆ ಅವರೇ ಹೇಳಲಿ. ನಾವೂ ಕಲಿತುಕೊಳ್ತೀವಿ."

ಯೆರ್ಕೊ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು, ಅದನ್ನು ಎತ್ತಲಿಲ್ಲ. ಬಿಗಿದ ಟೈ ಸಡಿಲಿಸಿದ. "ಎದುರುವಾದಿ ಯಾರ ಹೆಸರನ್ನೂ ಹೇಳಲಿಲ್ಲ, ಅದು ಅವಳ ದೊಡ್ಡತನ. ಅವಳಿಗಿಂತ ಚೆನ್ನಾಗಿ ಹೇಳಬೇಕು ಅನ್ನೋದು ಇಲ್ಲಿನ ನಿಯಮ. ಹಾಗಾಗಿ ನಾನು ಹೆಸರು ಹೇಳಬೇಕಾಗುತ್ತೆ. ವಿತ್ಸೆ ಈ ಶಾಲೆಯ ಪುಸ್ತಕ ಕದ್ದಿಲ್ಲ. ಪುಸ್ತಕ ರಿಪೇರಿಗೆ ಹೋಗಿತ್ತು, ಕಳಿಸಿದ್ದು ನಾವೇ, ಮರೆತದ್ದೂ ನಾವೇ. ಅದು ವಾಪಸ್ಸು ಬಂದಾಗಿನಿಂದ ಈ ಶಾಲೆಯ ಒಬ್ಬೊಬ್ಬ ಮೇಷ್ಟ್ರಿಗೂ ಗೊತ್ತು. ಗೊತ್ತಿದ್ದೂ ನಾವು ಅವನ ಮನೆಗೆ ಹೋಗಲಿಲ್ಲ. ಹೋಗದೇ ಇದ್ದೋರು ಇವತ್ತು ಇಲ್ಲಿ ಕೂತು, ಕ್ಷಮಿಸಬೇಕು ಅಂತ ಅವನ ತಂಗಿಗೆ ಪಾಠ ಹೇಳ್ತಿದೀವಿ. ಇದು ಧರ್ಮ ಅಲ್ಲ, ಕಣ್ಣಿಗೆ ಮಣ್ಣೆರಚೋದು. ಎದುರುವಾದಿ ಹೇಳಿದ್ದು ಇದು." ಕೊನೆಯ ಮಾತು ಹೇಳುವಾಗ ಅವನ ದನಿ ಒಡೆದು ಕಿರುಚಿದಂತಾಯಿತು.

ಎಲ್ಲರೂ ಪೆರೀನಾಳನ್ನು ನೋಡಿದರು. ಅವಳ ಮುಖ ಬಿಳಿಚಿತ್ತು. "ಹೌದು" ಎಂದಳು. "ನಾನು ಹೇಳಿದ್ದು ಅದೇ."

ಆಹಾ, ಎಂಥ ಸುಖ ಅದು! ನಾಚಿಕೆಯಾಗುವಷ್ಟು ಸುಖ. ಫ್ರಾ ಬೋನೊ ಈಗ ಇದ್ದಿದ್ದರೆ ಎಂದುಕೊಂಡ. ಮೈ ಹಗುರವಾಗಿ ಅವನು ಆ ಹುಡುಗಿಯ ಕಣ್ಣಲ್ಲಿ ಏನೋ ಒಂದಕ್ಕಾಗಿ ಹುಡುಕಿದ. ಏನು ಹುಡುಕುತ್ತಿದ್ದೇನೆಂದು ಅವನಿಗೆ ಗೊತ್ತಾಗುವ ಮೊದಲೇ ಅವಳು ಹೇಳಿದಳು, ಸ್ವಲ್ಪ ಹೊತ್ತಿನ ಮುಂಚೆ ಕಿಟಕಿಯ ಹತ್ತಿರ ಕೇಳಿದ ಹಾಗೆಯೇ, ಅಣಕವಿಲ್ಲದೆ: "ಈಗ ಉತ್ತರ ಹೇಳಿ ಮೇಷ್ಟ್ರೇ."

ಫ್ರಾ ಗಾಶ್ಪರ್ ಅತಿಥಿಗಳಿಗೆ ಏನೋ ಸಮಜಾಯಿಷಿ ಹೇಳುತ್ತಿದ್ದರು. ಯೆರ್ಕೊನಿಗೆ ಕೇಳಿಸಲಿಲ್ಲ. ತಾನು ಹುಡುಕುತ್ತಿದ್ದದ್ದು ಕೃತಜ್ಞತೆ ಎಂದು ಆಗ ಹೊಳೆಯಿತು. ಗಂಟೆಯನ್ನು ಕೈಯಲ್ಲಿ ಹಿಡಿದೇ ವೇದಿಕೆ ಇಳಿದ, ಮೂರನೇ ಸಾಲಿನ ತುದಿಗೆ ಹೋದ. ಮಾಂದಾ ಅವನನ್ನು ನೋಡಿ ಎದ್ದೇಳಲಿಲ್ಲ.

"ಮಾಂದಾ ಅವರೇ, ನಮ್ಮನ್ನ ಕ್ಷಮಿಸಿ."

"ನನ್ನ ಹತ್ರ ಯಾಕೆ ಕೇಳ್ತೀರಿ ಮೇಷ್ಟ್ರೇ? ನನ್ನನ್ನ ಯಾರೂ ಕಳ್ಳಿ ಅಂದಿಲ್ಲ. ಮಗಳು ಈಗ ತಾನೇ ಹೇಳಿದಳಲ್ಲ, ಅಮ್ಮ ಕ್ಷಮಿಸೋಕೆ ಆಗಲ್ಲ ಅಂತ. ಅದನ್ನ ನೀವು ತಿರುಗಿ ಹೇಳಲಿಲ್ಲ, ಬಿಟ್ಟುಬಿಟ್ರಿ." ಖಾಲಿ ಕುರ್ಚಿಯ ಮೇಲಿದ್ದ ಕೈಚೀಲವನ್ನು ತೊಡೆಗೆ ಎಳೆದುಕೊಂಡಳು. "ಅವನು ಮನೇಲೇ ಇದಾನೆ. ಈ ಗಾಳೀಲಿ ಬಂದರಲ್ಲಿ ಕೆಲಸ ಇಲ್ಲ."

ಹೊರಗೆ ಗಾಳಿ ಅವನನ್ನು ಗೋಡೆಗೆ ಒತ್ತಿತು. ಕೋಟು ಒಳಗೇ ಉಳಿದಿತ್ತು. ಬಂದರಿನ ಇಳಿಜಾರಿನಲ್ಲಿ ನಡೆಯುತ್ತ ಅವನು ಎಲ್ಲರನ್ನೂ ಬೈದ, ಫ್ರಾ ಗಾಶ್ಪರರನ್ನು, ಕರವಸ್ತ್ರದ ಹೆಂಗಸನ್ನು, ಕ್ಷಮಿಸಲೊಲ್ಲದ ಮಾಂದಾಳನ್ನು, ಸತ್ತುಹೋಗಿ ಪಾರಾದ ಫ್ರಾ ಬೋನೊ ಅವರನ್ನು. ಎಷ್ಟು ಬೈದರೂ ಸಿಟ್ಟು ಇಳಿಯಲಿಲ್ಲ, ಯಾಕೆಂದರೆ ಅದು ಅವರ್ಯಾರ ಮೇಲಿನದೂ ಆಗಿರಲಿಲ್ಲ. ಜೇಬಿನಲ್ಲಿ ತುರುಕಿದ ಗಂಟೆ ಹೆಜ್ಜೆಗೊಮ್ಮೆ ಕಿಣಿಕಿಣಿ ಅನ್ನುತ್ತಿತ್ತು. ಹೇಳಬೇಕಾದ ವಾಕ್ಯವನ್ನು ಕಟ್ಟತೊಡಗಿದ. ಚೆನ್ನಾಗಿಯೇ ಮೂಡುತ್ತಿತ್ತು. ಮೀನುಬಲೆ ಒಣಹಾಕುವ ಬೀದಿಯ ಕೊನೆಯಲ್ಲಿ ಹಸಿರು ಬಾಗಿಲು. ಬಡಿದ.

"ಯಾರು?"

"ವಿತ್ಸೆ, ನಾನು. ಯೆರ್ಕೊ ಮೇಷ್ಟ್ರು."

ಒಳಗೆ ಹೆಜ್ಜೆ ಸಪ್ಪಳ ಬಾಗಿಲವರೆಗೂ ಬಂದು ನಿಂತಿತು. ಚಿಲಕ ಅಲುಗಲಿಲ್ಲ. ಯೆರ್ಕೊ ಕಟ್ಟಿಕೊಂಡು ಬಂದ ವಾಕ್ಯವನ್ನು ಶುರು ಮಾಡಿದ. "ನಿನಗೆ ನಾವು ಮಾಡಿದ ಅನ್ಯಾಯ, ಅದನ್ನ ಎಲ್ಲರ ಎದುರಿಗೆ ಇವತ್ತು ನಾನು—"

"ಮೇಷ್ಟ್ರೇ" ಎಂದಿತು ದನಿ. ಗಡುಸಾಗಿತ್ತು, ಬೇಸಿಗೆಯಿಂದೀಚೆಗೆ ಒಡೆದ ದನಿ. "ಅವತ್ತು ನಿಮ್ಮ ಸಭೇಲಿ ನಾನು ಏನು ಹೇಳಿದೆ? ಮೊದಲು ಅದನ್ನ ಹೇಳಿ."

ಅಂಗಿಯ ಗುಂಡಿ ನೆನಪಾಯಿತು. ಅದನ್ನು ತಿರುವುತ್ತಿದ್ದ ಬೆರಳು, ಬೆರಳಿನ ಮೇಲಿನ ಮಸಿ, ಮೇಜಿನ ಮೇಲಿದ್ದ ನೀರಿನ ಲೋಟ, ಎಲ್ಲ ನೆನಪಾಯಿತು. ಹುಡುಗನ ತುಟಿ ಅಲ್ಲಾಡುತ್ತಿದ್ದದ್ದೂ ಕಂಡಿತು. ಅದರಿಂದ ಒಂದೇ ಒಂದು ಶಬ್ದ ಹೊರಬರಲಿಲ್ಲ. ತಾನು ಆಗ ಕಟ್ಟುತ್ತಿದ್ದ ವಾಕ್ಯ ಮಾತ್ರ ಅಕ್ಷರ ಅಕ್ಷರವಾಗಿ ನೆನಪಿತ್ತು.

"ಗೊತ್ತಿಲ್ಲ" ಎಂದ ಯೆರ್ಕೊ. ಗಾಳಿಯಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಹೇಳಿದ. "ಗೊತ್ತಿಲ್ಲ ವಿತ್ಸೆ. ನಾನು ಕೇಳಿಸಿಕೊಳ್ಳಲಿಲ್ಲ."

ಒಳಗಿನಿಂದ ಬಾಗಿಲಿಗೆ ಒರಗಿದ ಸದ್ದಾಯಿತು.

"ಹಾಗಾದರೆ ಮೊದಲಿಂದ ಹೇಳ್ತೀನಿ" ಎಂದ ವಿತ್ಸೆ. "ಅಲ್ಲೇ ನಿಂತು ಕೇಳಿ."

ಬಾಗಿಲು ತೆರೆಯಲಿಲ್ಲ. ಹುಡುಗ ಮಾತು ಶುರು ಮಾಡಿದ. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಯೆರ್ಕೊ ಜೇಬಿನೊಳಗೆ ಕೈ ಹಾಕಿ ಗಂಟೆಯ ಸದ್ದನ್ನು ಅದುಮಿ ಹಿಡಿದು, ಒದ್ದೆ ಮರಕ್ಕೆ ಕಿವಿ ಇಟ್ಟ.